ಕ್ಯಾಶ್ ಕೈಕೊಟ್ಟಾಗ ಫ್ಲಶ್ ಹೊಡೆಯುವ ಮೊದಲು ನೋಡಬೇಕಾದ್ದು

ಕಾಫಿ ಕೊಯ್ಲಿನ ಸಮಯ. ಬೆಳಿಗ್ಗೆ ಎಂಟೂವರೆಗೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಫೋನು. "ಏನಪ್ಪಾ, ವ್ಯಾಪಾರಿ ಒಂದು ರೇಟ್ ಹೇಳ್ತಾನೆ, ನಿನ್ನ ಪೇಜು ನಿನ್ನೇದೇ ತೋರಿಸ್ತಿದೆ. ನಾನು ಯಾವುದನ್ನ ನಂಬಲಿ?" ಚಿಕ್ಕಮಗಳೂರಿನಲ್ಲಿ ಕೂತು ನಾನು ನೋಡಿಕೊಳ್ಳುವ ಸೈಟುಗಳು ಎರಡು ಬಗೆಯವು. ಒಂದು ಕಾಫಿ, ಮೆಣಸಿನ ದರ ತೋರಿಸುವುದು, ಇನ್ನೊಂದು ಹೋಮ್‌ಸ್ಟೇ ಬುಕಿಂಗ್. ಎರಡರಲ್ಲೂ ಡೇಟಾಬೇಸ್ ಮುಂದೆ ರೆಡಿಸ್ ಅನ್ನುವ ಕ್ಯಾಶ್ ಕೂತಿದೆ. ನಿದ್ದೆಗಣ್ಣಲ್ಲಿ ನಾನು ಮಾಡಿದ ಮೊದಲ ಕೆಲಸ ಫ್ಲಶ್‌ಆಲ್, ಅಂದರೆ ರೆಡಿಸ್‌ನಲ್ಲಿರುವುದನ್ನೆಲ್ಲ ಒಂದೇ ಏಟಿಗೆ ಅಳಿಸುವ ಕಮಾಂಡ್. ದರ ಸರಿಹೋಯಿತು. ಜೊತೆಗೆ ಲಾಗಿನ್ ಆಗಿದ್ದವರೆಲ್ಲ ಹೊರಗೆ ಬಿದ್ದರು, ಡೇಟಾಬೇಸ್ ಹತ್ತು ನಿಮಿಷ ಏದುಸಿರು ಬಿಟ್ಟಿತು, ದರ ಯಾಕೆ ಹಳತಾಗಿತ್ತು ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯೂ ಅಳಿಸಿಹೋಯಿತು. ಮಾರನೇ ದಿನ ಅದೇ ಹೊತ್ತಿಗೆ ಅದೇ ಫೋನು.

ಕ್ಯಾಶ್ ಅಂದರೆ ಇಷ್ಟೇ. ಕಿರಾಣಿ ಅಂಗಡಿಯವರು ಮೂಟೆಗಳನ್ನು ಹಿಂದಿನ ಗೋಡೌನ್‌ನಲ್ಲಿ ಇಟ್ಟು, ದಿನಾ ಕೇಳುವ ಸಕ್ಕರೆ, ಬೇಳೆಯನ್ನು ಗಲ್ಲಾ ಪಕ್ಕದ ಡಬ್ಬದಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಗೋಡೌನ್ ಅಂದರೆ ಡೇಟಾಬೇಸ್, ಡಬ್ಬ ಅಂದರೆ ಮೆಮೊರಿ. ಡಬ್ಬ ತುಂಬಿಹೋದರೆ, ಮೇಲಿನ ಚೀಟಿ ತಪ್ಪಿದ್ದರೆ, ಒಳಗಿರುವುದು ಹಳತಾದರೆ ತೊಂದರೆ. ನಾನು ಕಂಡ ದೋಷಗಳಲ್ಲಿ ಮುಕ್ಕಾಲು ಪಾಲು ಈ ಮೂರರಲ್ಲೇ ಬಂದಿವೆ. ರೆಡಿಸ್ ತಾನಾಗಿ ಕೆಟ್ಟಿದ್ದು ಬಹಳ ಅಪರೂಪ.

ಕೆಳಗಿನ ಮಾತು ಹೆಚ್ಚಾಗಿ ರೆಡಿಸ್‌ನದು. ಅದರಿಂದ 2024ರಲ್ಲಿ ಕವಲೊಡೆದ ವಾಲ್ಕಿಗೂ ಇದೇ ಕಮಾಂಡುಗಳು ನಡೆಯುತ್ತವೆ. ಮೆಮ್‌ಕ್ಯಾಶ್ಡ್ ಅನ್ನುವ ಇನ್ನೊಂದು ಕ್ಯಾಶ್ ಬೇರೆಯಾಗಿ ನಡೆದುಕೊಳ್ಳುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

ಯಾವ ತೊಂದರೆಯೇ ಇರಲಿ, ಮೊದಲು ಇದು

ರೆಡಿಸ್ ತನ್ನ ಸ್ಥಿತಿಗತಿ ಹೇಳುವ ಇನ್ಫೋ ಕಮಾಂಡ್ ಕೊಟ್ಟು ಬಂದದ್ದನ್ನೆಲ್ಲ ಒಂದು ಫೈಲಿಗೆ ಹಾಕಿಡಿ. ತೊಂದರೆ ಇರುವ ಕೀ (ಡಬ್ಬದ ಮೇಲಿನ ಚೀಟಿ) ಯಾವುದು ಅಂತ ಗೊತ್ತಿದ್ದರೆ ಅದರ ವ್ಯಾಲ್ಯೂ (ಒಳಗಿರುವುದು), ಅದರ ಟಿಟಿಎಲ್ (ಅವಧಿ ಮುಗಿಯಲು ಇನ್ನೆಷ್ಟು ಸೆಕೆಂಡ್ ಬಾಕಿ), ಆಗಿನ ಗಂಟೆ, ಮೂರನ್ನೂ ಬರೆದಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ, ಖರ್ಚಿಲ್ಲ.

ಆಮೇಲೆ ಕೈ ಹಾಕಬಾರದ ನಾಲ್ಕು ವಿಷಯ. ಫ್ಲಶ್‌ಆಲ್ ಬೇಡ, ಯಾಕೆಂದರೆ ಅದೇ ರೆಡಿಸ್‌ನಲ್ಲಿ ಲಾಗಿನ್ ಸೆಷನ್, ಕಳಿಸಬೇಕಾದ ಎಸ್‌ಎಂಎಸ್ ಸಾಲು ಎಲ್ಲ ಇರಬಹುದು, ಅವು ಡೇಟಾಬೇಸ್‌ನಿಂದ ವಾಪಸ್ ಬರುವುದಿಲ್ಲ. ಕೀಸ್ ಪಕ್ಕ ನಕ್ಷತ್ರ ಹಾಕಿ ಎಲ್ಲಾ ಕೀ ತೋರಿಸು ಅನ್ನಬೇಡಿ. ರೆಡಿಸ್ ಕಮಾಂಡುಗಳನ್ನು ಒಂದೇ ಥ್ರೆಡ್‌ನಲ್ಲಿ ಒಂದಾದ ಮೇಲೊಂದು ಓಡಿಸುತ್ತದೆ, ಲಕ್ಷಾಂತರ ಕೀಗಳನ್ನು ಅದು ಎಣಿಸಿ ಮುಗಿಸುವವರೆಗೆ ಬೇರೆ ಎಲ್ಲರೂ ಕಾಯುತ್ತಾ ನಿಲ್ಲುತ್ತಾರೆ. ಸ್ಕ್ಯಾನ್ ಬಳಸಿ, ಅದು ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಮಾನಿಟರ್ ಕಮಾಂಡ್ ನೋಡೋಕೆ ಮಜಾ, ಆದರೆ ಅದೊಂದು ಓಡುತ್ತಿದ್ದರೆ ವೇಗ ಅರ್ಧಕ್ಕಿಂತ ಕೆಳಗೆ ಬೀಳಬಹುದು, ಜನರ ಮಾಹಿತಿಯೂ ಪರದೆ ಮೇಲೆ ಓಡುತ್ತದೆ. ಇನ್ನು ಸರ್ವೀಸ್ ರೀಸ್ಟಾರ್ಟ್. ಡಿಸ್ಕಿಗೆ ಉಳಿಸುವ ವ್ಯವಸ್ಥೆ ಇಲ್ಲದಿದ್ದರೆ ರೀಸ್ಟಾರ್ಟ್ ಕೂಡ ಫ್ಲಶ್ ಇದ್ದ ಹಾಗೆಯೇ.

ಪೇಜಿನಲ್ಲಿ ಹಳೇ ಮಾಹಿತಿ ಕಾಣುತ್ತಿದೆ

ದುಡ್ಡಿಲ್ಲದ ಪರೀಕ್ಷೆ ಮೊದಲು. ಬ್ರೌಸರ್‌ನ ಪ್ರೈವೇಟ್ ವಿಂಡೋದಲ್ಲಿ ತೆಗೆದು ನೋಡಿ. ಅಲ್ಲಿ ಹೊಸದು ಬಂದರೆ ನಿಮ್ಮ ರೆಡಿಸ್ ನಿರಪರಾಧಿ, ಬ್ರೌಸರೇ ಹಳೇ ಪ್ರತಿ ಇಟ್ಟುಕೊಂಡಿದೆ. ಅಲ್ಲೂ ಹಳತೇ ಬಂದರೆ ಮಧ್ಯದಲ್ಲಿ ಸಿಡಿಎನ್ (ಪೇಜಿನ ಪ್ರತಿಗಳನ್ನು ಊರೂರಲ್ಲಿ ಇಟ್ಟು ಹಂಚುವ ಸೇವೆ) ಅಥವಾ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಪ್ರತಿ ಇಟ್ಟುಕೊಂಡಿದೆಯಾ ನೋಡಿ, ಸರ್ವರ್ ಒಳಗಿಂದಲೇ ಆ ಪೇಜನ್ನು ಕೇಳಿದರೆ ಗೊತ್ತಾಗುತ್ತದೆ. ಇನ್ನೊಂದು ಪೆದ್ದು ಪರೀಕ್ಷೆ ಇದೆ, ಯಾರೂ ಮಾಡಲ್ಲ: ಡೇಟಾಬೇಸ್‌ನಲ್ಲಿ ಹೊಸ ದರ ನಿಜವಾಗಿ ಸೇವ್ ಆಗಿದೆಯಾ? ಒಂದೆರಡು ಸಲ ನಾನು ಅರ್ಧ ದಿನ ಕ್ಯಾಶ್ ಹುಡುಕಿ, ಕೊನೆಗೆ ನೋಡಿದರೆ ಎಂಟ್ರಿ ಮಾಡುವವರು ಸೇವ್ ಒತ್ತಿರಲೇ ಇಲ್ಲ.

ಇವೆಲ್ಲ ಸರಿ ಇದ್ದರೆ ಆ ಕೀಯ ಟಿಟಿಎಲ್ ಕೇಳಿ. ಬರುವ ಸಂಖ್ಯೆಯೇ ಅರ್ಧ ಉತ್ತರ ಹೇಳುತ್ತದೆ.

ಮೈನಸ್ 2 ಬಂದರೆ ಆ ಹೆಸರಿನ ಕೀ ಇಲ್ಲವೇ ಇಲ್ಲ. ಹಾಗಾದರೆ ಹಳೇ ದರ ಎಲ್ಲಿಂದ ಬರುತ್ತಿದೆ? ಒಂದೋ ನೀವು ನೋಡುತ್ತಿರುವ ಕೀ ಬೇರೆ, ಅಪ್ಲಿಕೇಶನ್ ಓದುತ್ತಿರುವುದು ಬೇರೆ. ನಮ್ಮಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ ಅಂತ ನಾಲ್ಕು ಬಗೆಗೆ 50 ಕೆಜಿ ಮೂಟೆಯ ದರ ಇರುತ್ತದೆ, ಅಡ್ಮಿನ್ ಕಡೆಯ ಕೋಡು ಒಂದು ಸ್ಪೆಲಿಂಗ್‌ನಲ್ಲಿ ಕೀ ಅಳಿಸುತ್ತಿತ್ತು, ಪೇಜು ಇನ್ನೊಂದು ಸ್ಪೆಲಿಂಗ್‌ನಲ್ಲಿ ಓದುತ್ತಿತ್ತು, ಎರಡನ್ನೂ ಬರೆದವನು ನಾನೇ. ಇಲ್ಲಾ ಅಪ್ಲಿಕೇಶನ್ ತನ್ನ ಸ್ವಂತ ಮೆಮೊರಿಯಲ್ಲೂ ಒಂದು ಪ್ರತಿ ಇಟ್ಟುಕೊಂಡಿದೆ. ಅದರ ಗುರುತು ಸುಲಭ: ಪೇಜನ್ನು ನಾಲ್ಕಾರು ಸಲ ರಿಫ್ರೆಶ್ ಮಾಡಿದರೆ ಒಮ್ಮೆ ಹೊಸದು, ಒಮ್ಮೆ ಹಳೆಯದು ಬರುತ್ತದೆ, ಯಾಕೆಂದರೆ ಹಿಂದೆ ಓಡುತ್ತಿರುವ ಪ್ರತಿ ಪ್ರೊಸೆಸ್‌ಗೂ ಬೇರೆ ಬೇರೆ ಪ್ರತಿ.

ಮೈನಸ್ 1 ಬಂದರೆ ಕೀ ಇದೆ, ಅದಕ್ಕೆ ಅವಧಿಯೇ ಇಲ್ಲ. ಯಾರೂ ಅಳಿಸದಿದ್ದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. "ನಾನು ಅವಧಿ ಹಾಕಿದ್ದೆ ಅಲ್ವಾ" ಅನ್ನುತ್ತೀರಿ. ಹಾಕಿರುತ್ತೀರಿ, ಆದರೆ ಆಮೇಲೆ ಬೇರೆ ಯಾವುದೋ ಕೋಡು ಅದೇ ಕೀಗೆ ಅವಧಿ ಹೇಳದೆ ಸೆಟ್ ಮಾಡಿದರೆ ಮೊದಲಿನ ಅವಧಿ ಅಳಿಸಿಹೋಗುತ್ತದೆ. ಕೋಡಿನಲ್ಲಿ ಆ ಕೀ ಬರೆಯುವ ಎಲ್ಲಾ ಜಾಗ ಹುಡುಕಿ.

ಪಾಸಿಟಿವ್ ಸಂಖ್ಯೆ ಬಂದರೆ ಅದನ್ನು ಗಡಿಯಾರಕ್ಕೆ ಕೂಡಿಸಿ ನೋಡಿ. ಆ ಬೆಳೆಗಾರರ ಎರಡನೇ ಫೋನು ಬಂದಾಗ ನಾನು ಮಾಡಿದ್ದು ಇದೇ. ದರದ ಕೀ ಬೆಳಿಗ್ಗೆ 6 ಗಂಟೆಗೆ ಸಾಯಬೇಕು ಅಂತ ಬರೆದಿದ್ದೆ. ಎಂಟೂವರೆಗೆ ಟಿಟಿಎಲ್ ಕೇಳಿದರೆ ಹೆಚ್ಚುಕಡಿಮೆ 10,800 ಸೆಕೆಂಡ್ ಬಾಕಿ ಇದೆ ಅಂತು. ಅಂದರೆ ಮೂರು ಗಂಟೆ, ಅಂದರೆ ಹನ್ನೊಂದೂವರೆ. ಆರು ಎಲ್ಲಿ, ಹನ್ನೊಂದೂವರೆ ಎಲ್ಲಿ. ಮಧ್ಯ ಐದೂವರೆ ಗಂಟೆ. ಐದೂವರೆ ಅಂದ ತಕ್ಷಣ ತಲೆಗೆ ಹೊಳೆಯಿತು, ಅದೇ ವಾರ ಸರ್ವರ್ ಬದಲಿಸಿದ್ದೆವು, ಹಳೆಯದು ಭಾರತದ ಸಮಯದಲ್ಲಿತ್ತು, ಹೊಸದು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿತ್ತು, ಟೈಮ್ ಝೋನ್ ಹೇಳದ "6 ಗಂಟೆ"ಯನ್ನು ಅದು ತನ್ನ 6 ಗಂಟೆ ಅಂದುಕೊಂಡಿತು. ಮೊದಲ ದಿನ ಫ್ಲಶ್ ಮಾಡದೆ ಈ ಒಂದು ಸಂಖ್ಯೆ ನೋಡಿದ್ದರೆ ಅವತ್ತೇ ಮುಗಿಯುತ್ತಿತ್ತು. ವ್ಯತ್ಯಾಸ ಸರಿಯಾಗಿ 19,800 ಸೆಕೆಂಡ್ ಬಂದರೆ ಬೇರೆ ಏನೂ ಹುಡುಕಬೇಡಿ.

ಇಷ್ಟರಲ್ಲೂ ಸಿಗದೆ, ತಿಂಗಳಿಗೆ ಒಂದೆರಡು ಸಲ ಮಾತ್ರ ಹಳತು ಕಾಣುತ್ತದೆ ಅಂದರೆ ಅದು ಓಟದ ಸಮಸ್ಯೆ. ಒಬ್ಬರ ರಿಕ್ವೆಸ್ಟ್ ಡೇಟಾಬೇಸ್‌ನಿಂದ ಹಳೇ ದರ ಓದಿಕೊಂಡಿತು. ಅಷ್ಟರಲ್ಲಿ ಇನ್ನೊಬ್ಬರು ಹೊಸ ದರ ಬರೆದು ಕೀ ಅಳಿಸಿದರು. ಮೊದಲನೆಯದು ನಿಧಾನಕ್ಕೆ ಬಂದು ತನ್ನ ಕೈಯಲ್ಲಿದ್ದ ಹಳೇ ದರವನ್ನು ಕ್ಯಾಶ್‌ಗೆ ಹಾಕಿತು. ಕೀ ಅಳಿಸುವುದು ಡೇಟಾಬೇಸ್ ಕಮಿಟ್ ಆದ ಮೇಲೇ, ಅಂದರೆ ಹೊಸ ದರ ಪಕ್ಕಾ ಸೇವ್ ಆದ ಮೇಲೇ ಇರಲಿ, ಮೊದಲು ಬೇಡ. ಅವಧಿ ಚಿಕ್ಕದಿರಲಿ, ಆಗ ತಪ್ಪು ಆದರೂ ಐದು ನಿಮಿಷದ ತಪ್ಪು. ಓದುವುದಕ್ಕೆ ಬೇರೆ ರೆಪ್ಲಿಕಾ (ಡೇಟಾಬೇಸ್‌ನ ನಕಲು) ಇದ್ದರೆ ಅದು ಒಂದೆರಡು ಸೆಕೆಂಡ್ ಹಿಂದೆ ಇರಬಹುದು, ಕೀ ಅಳಿಸಿದ ತಕ್ಷಣ ಅಲ್ಲಿಂದ ಓದಿದರೆ ಹಳತೇ ಮತ್ತೆ ಒಳಗೆ ಬರುತ್ತದೆ.

ಕ್ಯಾಶ್ ಹಾಕಿದ್ದೇವೆ, ಆದರೂ ಸೈಟ್ ನಿಧಾನ

ಇನ್ಫೋ ಕೊಟ್ಟಾಗ ಬರುವ ಸ್ಟ್ಯಾಟ್ಸ್ ಭಾಗದಲ್ಲಿ ಕೀಸ್ಪೇಸ್ ಹಿಟ್ಸ್, ಕೀಸ್ಪೇಸ್ ಮಿಸಸ್ ಅಂತ ಎರಡು ಸಂಖ್ಯೆ ಇರುತ್ತವೆ. ಅವು ಸರ್ವೀಸ್ ಶುರುವಾದಾಗಿನಿಂದ ಕೂಡಿಕೊಂಡು ಬಂದಿರುತ್ತವೆ, ಹಾಗಾಗಿ ಒಂದೇ ಸಲ ನೋಡಿದರೆ ಮೋಸ ಹೋಗುತ್ತೀರಿ. ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ತೆಗೆದು ವ್ಯತ್ಯಾಸ ನೋಡಿ. ಹಿಟ್ 900 ಜಾಸ್ತಿಯಾಗಿ ಮಿಸ್ 2,100 ಜಾಸ್ತಿಯಾಗಿದ್ದರೆ ಹತ್ತರಲ್ಲಿ ಮೂರು ಸಲ ಮಾತ್ರ ಡಬ್ಬದಲ್ಲಿ ಸಿಕ್ಕಿದೆ, ಏಳು ಸಲ ಗೋಡೌನ್‌ಗೇ ಹೋಗಿದ್ದೀರಿ.

ಮಿಸ್ ಜಾಸ್ತಿ ಇದ್ದರೆ ಸ್ಕ್ಯಾನ್ ಮಾಡಿ ಇಪ್ಪತ್ತು ಕೀ ಕಣ್ಣಾಡಿಸಿ. ನಮ್ಮ ಹೋಮ್‌ಸ್ಟೇ ಪಟ್ಟಿಯ ಕೀಯಲ್ಲಿ ಪೂರ್ತಿ ವೆಬ್ ವಿಳಾಸ ಇತ್ತು. ಫೇಸ್‌ಬುಕ್‌ನಿಂದ ಬರುವ ಲಿಂಕಿಗೆ ಅದು ಎಫ್‌ಬಿಕ್ಲಿಡ್ ಅಂತ ಒಂದು ಉದ್ದ ಬಾಲ ಅಂಟಿಸುತ್ತದೆ, ಬಾಲ ಪ್ರತಿ ಸಲ ಬೇರೆ, ಹಾಗಾಗಿ ಬಂದವರಿಗೆಲ್ಲ ಹೊಸ ಕೀ. ಬಾಲ ಕತ್ತರಿಸಿ ಕೀ ಕಟ್ಟಿದೆವು, ಮುಗಿಯಿತು.

ಕನ್ನಡದಲ್ಲಿ ಹುಡುಕುವ ಸೌಲಭ್ಯ ಇದ್ದರೆ ಇನ್ನೊಂದು ತಮಾಷೆ ಇದೆ. "ಟೌನ್" ಅನ್ನುವುದನ್ನು ಕೆಲವು ಕೀಬೋರ್ಡುಗಳು ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿ ಬರೆಯುತ್ತವೆ, ಒತ್ತಕ್ಷರ ಆಗದ ಹಾಗೆ ತಡೆಯುವ ಗುರುತು ಅದು. ಪರದೆ ಮೇಲೆ ಎರಡೂ ಒಂದೇ, ಕ್ಯಾಶ್‌ಗೆ ಎರಡು ಬೇರೆ ಕೀ. ಕೀ ಕಟ್ಟುವ ಮೊದಲು ಅದನ್ನು ತೆಗೆದುಹಾಕಿ, ಇಲ್ಲಾ ಊರಿಗೊಂದು ನಂಬರ್ ಕೊಟ್ಟು ಅದನ್ನೇ ಬಳಸಿ. ಮೆಮ್‌ಕ್ಯಾಶ್ಡ್ ಇದ್ದರಂತೂ ನಂಬರೇ ಒಳ್ಳೆಯದು. ಅದರಲ್ಲಿ ಕೀ 250 ಬೈಟ್ ದಾಟುವಂತಿಲ್ಲ, ನಡುವೆ ಸ್ಪೇಸ್ ಇರುವಂತಿಲ್ಲ, ಕನ್ನಡದ ಪ್ರತಿ ಗುರುತೂ ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ. "ಚಿಕ್ಕಮಗಳೂರು" ಒಂದೇ 33 ಬೈಟ್.

ಮೆಮ್‌ಕ್ಯಾಶ್ಡ್‌ನ ಇನ್ನೆರಡು ಬಲೆಗಳು. ಒಂದು ವ್ಯಾಲ್ಯೂ ಸಾಮಾನ್ಯವಾಗಿ 1 ಎಂಬಿ ದಾಟಿದರೆ ಅದು ಒಳಗೆ ಬಿಡುವುದಿಲ್ಲ, ಕೆಲವು ಲೈಬ್ರರಿಗಳು ಈ ತಪ್ಪನ್ನು ನುಂಗಿ ಸುಮ್ನೆ ಇರುತ್ತವೆ. ಇನ್ನೊಂದು, ಅವಧಿ 30 ದಿನ, ಅಂದರೆ 25,92,000 ಸೆಕೆಂಡ್ ದಾಟಿದರೆ ಅದು ಆ ಸಂಖ್ಯೆಯನ್ನು 1970ರಿಂದ ಎಣಿಸಿದ ದಿನಾಂಕ ಅಂದುಕೊಳ್ಳುತ್ತದೆ. 60 ದಿನ ಇರಲಿ ಅಂತ ಹಾಕಿದ್ದು ಹಾಕಿದ ಕ್ಷಣವೇ ಮಾಯ. ಜಾಸ್ತಿ ದಿನ ಇರಲಿ ಅಂತ ಆಸೆಪಟ್ಟವರಿಗೆ ಒಂದು ಸೆಕೆಂಡೂ ಇರುವುದಿಲ್ಲ.

ಹಿಟ್ ಚೆನ್ನಾಗಿದೆ, ಆದರೂ ನಿಧಾನ ಅಂದರೆ ಸ್ಲೋಲಾಗ್ ನೋಡಿ. ಬೇರೆ ಹೇಳದಿದ್ದರೆ 10 ಮಿಲಿಸೆಕೆಂಡ್ ದಾಟಿದ ಕಮಾಂಡುಗಳು ಅಲ್ಲಿ ದಾಖಲಾಗುತ್ತವೆ, ಆದರೆ ನೆಟ್‌ವರ್ಕ್‌ನಲ್ಲಿ ಹೋಗಿಬರುವ ಸಮಯ ಅದರಲ್ಲಿ ಸೇರಿರುವುದಿಲ್ಲ. ಸ್ಲೋಲಾಗ್ ಖಾಲಿ ಇದ್ದು ಪೇಜು ನಿಧಾನ ಇದ್ದರೆ ದಾರಿಯಲ್ಲೇ ಸಮಯ ಹೋಗುತ್ತಿದೆ. ಪಟ್ಟಿಯಲ್ಲಿ 40 ಹೋಮ್‌ಸ್ಟೇ, ಒಂದೊಂದಕ್ಕೂ ಒಂದು ಗೆಟ್, ಒಂದೊಂದು ಓಡಾಟಕ್ಕೆ 20 ಮಿಲಿಸೆಕೆಂಡ್ ಅಂದರೆ 800 ಮಿಲಿಸೆಕೆಂಡ್ ಬರೀ ಓಡಾಟ. ಎಂಗೆಟ್ ಹಾಕಿ ಒಂದೇ ಸಲ ತನ್ನಿ. ಅಪ್ಲಿಕೇಶನ್ ಒಂದು ಊರಿನ ಡೇಟಾ ಸೆಂಟರ್‌ನಲ್ಲಿ, ಕ್ಯಾಶ್ ಇನ್ನೊಂದು ಊರಿನಲ್ಲಿ ಇಟ್ಟವರನ್ನೂ ನೋಡಿದ್ದೇನೆ, ಪಕ್ಕದ ಮನೆಗೆ ಹೋಗೋಕೆ ಕಡೂರು ಸುತ್ತಿ ಬಂದ ಹಾಗೆ.

ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಕ್ಯಾಶ್ ಬೇಕಿತ್ತಾ? ಆ ಪೇಜು ಡೇಟಾಬೇಸ್‌ಗೆ ಕೇಳುವ ಕ್ವೆರಿಯ ಶುರುವಿನಲ್ಲಿ ಎಕ್ಸ್‌ಪ್ಲೇನ್ ಹಾಕಿ ನೋಡಿ. ಡೇಟಾಬೇಸ್ ಮೈಸೀಕ್ವೆಲ್ ಆಗಿದ್ದರೆ, ಟೈಪ್ ಅನ್ನುವ ಕಡೆ ಆಲ್ ಅಂತ ಬಂದರೆ ಇಡೀ ಟೇಬಲ್ ಓದುತ್ತಿದೆ ಅಂತ ಅರ್ಥ, ಒಂದು ಇಂಡೆಕ್ಸ್ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಇನ್ನೊಡಿಬಿ ಬಫರ್ ಪೂಲ್, ಅಂದರೆ ಮೈಸೀಕ್ವೆಲ್ ತಾನೇ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಡಬ್ಬ, ಮೂಲದಲ್ಲಿ 128 ಎಂಬಿ ಇರುತ್ತದೆ, 8 ಜಿಬಿ ಮೆಷಿನ್‌ನಲ್ಲಿ ಅದನ್ನು ಹಾಗೇ ಬಿಟ್ಟು ರೆಡಿಸ್ ತಂದು ಕೂರಿಸುವುದು ಯಾವ ಲೆಕ್ಕ? ಹಳೇ ಲೇಖನ ನೋಡಿ ಮೈಸೀಕ್ವೆಲ್‌ನದೇ ಆದ ಕ್ವೆರಿ ಕ್ಯಾಶ್ ಆನ್ ಮಾಡಲು ಮಾತ್ರ ಹೋಗಬೇಡಿ. ಮೈಸೀಕ್ವೆಲ್ 8.0ರಲ್ಲಿ ಅದನ್ನು ತೆಗೆದೇಹಾಕಿದ್ದಾರೆ, ಆ ಸಾಲು ಕಾನ್ಫಿಗ್‌ನಲ್ಲಿದ್ದರೆ ಸರ್ವರ್ ಏಳುವುದೇ ಇಲ್ಲ.

ಆಗಾಗ, ಗಡಿಯಾರ ಇಟ್ಟ ಹಾಗೆ, ಎಲ್ಲವೂ ನಿಂತುಹೋಗುತ್ತದೆ

ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಹಾಸನದ ಬೀದಿಗಳು ಹೇಗಿರುತ್ತವೆ ನೋಡಿದ್ದೀರಲ್ಲ. ಜನಪ್ರಿಯ ಕೀಯೊಂದರ ಅವಧಿ ಮುಗಿದ ಕ್ಷಣ ಹಾಗೇ ಆಗುತ್ತದೆ. ಆ ಹೊತ್ತಿಗೆ ಬಂದ 200 ರಿಕ್ವೆಸ್ಟ್‌ಗಳೂ ಡಬ್ಬ ಖಾಲಿ ನೋಡಿ ಒಟ್ಟಿಗೇ ಡೇಟಾಬೇಸ್ ಬಾಗಿಲಿಗೆ ಓಡುತ್ತವೆ, 200 ಸಲ ಅದೇ ಕ್ವೆರಿ.

ಗುರುತು: ಡೇಟಾಬೇಸ್ ಸಿಪಿಯು ಗ್ರಾಫಿನಲ್ಲಿ ಸಮ ಅಂತರದ ಮುಳ್ಳುಗಳು, ಆ ಅಂತರ ನೀವು ಹಾಕಿದ ಅವಧಿಗೆ ಸರಿಯಾಗಿ ಹೊಂದುತ್ತದೆ. ಅಗ್ಗದ ಮದ್ದು, ಎಲ್ಲಾ ಕೀಗೂ 600 ಸೆಕೆಂಡ್ ಅನ್ನುವ ಬದಲು 540ರಿಂದ 660ರ ಮಧ್ಯೆ ಯಾವುದೋ ಒಂದು ಸಂಖ್ಯೆ ಹಾಕಿ, ಆಗ ಎಲ್ಲ ಒಟ್ಟಿಗೆ ಸಾಯುವುದಿಲ್ಲ. ಒಂದೇ ಕೀಗೆ ಜನ ಮುಗಿಬೀಳುತ್ತಿದ್ದರೆ ಬೀಗ ಬೇಕು. ಮೊದಲು ಬಂದವರು ಸೆಟ್ ಕಮಾಂಡಿಗೆ ಎನ್‌ಎಕ್ಸ್ (ಆ ಕೀ ಇಲ್ಲದಿದ್ದರೆ ಮಾತ್ರ ಬರೆ) ಮತ್ತು 10 ಸೆಕೆಂಡ್ ಅವಧಿ ಸೇರಿಸಿ ಬೀಗದ ಬದಲು ಬೇರೊಂದು ಕೀ ಬರೆದುಕೊಳ್ಳಲಿ, ಅವರು ಮಾತ್ರ ಡೇಟಾಬೇಸ್‌ಗೆ ಹೋಗಲಿ, ಉಳಿದವರಿಗೆ ಸ್ವಲ್ಪ ಹೊತ್ತು, ಪಕ್ಕದಲ್ಲಿ ಬೇರೆಯಾಗಿ ಇಟ್ಟುಕೊಂಡ ಹಳೇ ಪ್ರತಿಯನ್ನೇ ಕೊಡಿ. ಬೀಗಕ್ಕೆ ಅವಧಿ ಹಾಕುವುದು ಮರೆತರೆ, ಬೀಗ ಹಾಕಿದವರು ಮಧ್ಯದಲ್ಲಿ ಸತ್ತರೆ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ.

ಡೇಟಾಬೇಸ್‌ನಿಂದ ಎರರ್ ಬಂದಾಗ ನಿಮ್ಮ ಕೋಡು ಕ್ಯಾಶ್ ಕೀ ಅಳಿಸುತ್ತದೆಯಾ, ಅದನ್ನೂ ನೋಡಿ. 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಮಲಗಿದ್ದು ಈ ಸುಳಿಯಿಂದಲೇ. ತಪ್ಪು ವ್ಯಾಲ್ಯೂ ಕಂಡ ಕ್ಲೈಂಟುಗಳು ಸರಿಯಾದದ್ದನ್ನು ಕೇಳಲು ಡೇಟಾಬೇಸ್‌ಗೆ ಹೋದವು, ಡೇಟಾಬೇಸ್ ಭಾರಕ್ಕೆ ಎರರ್ ಕೊಟ್ಟಿತು, ಎರರ್ ಬಂದದ್ದಕ್ಕೆ ಮತ್ತೆ ಕ್ಯಾಶ್ ಕೀ ಅಳಿಸಿದವು, ಅಳಿಸಿದ್ದಕ್ಕೆ ಇನ್ನೂ ಜಾಸ್ತಿ ಕ್ವೆರಿ. ಕೊನೆಗೆ ಸೈಟನ್ನೇ ಆಫ್ ಮಾಡಿ ಡೇಟಾಬೇಸ್‌ಗೆ ಉಸಿರಾಡಲು ಬಿಡಬೇಕಾಯಿತು.

ಬರೆಯಲು ಹೋದರೆ ಎರರ್

ಎರರ್ ಸಾಲಿನ ಮೊದಲ ಪದ ನೋಡಿ. ಒಒಎಂ ಅಂತಿದ್ದರೆ ರೆಡಿಸ್‌ಗೆ ಕೊಟ್ಟ ಮೆಮೊರಿ ಮಿತಿ ಮುಟ್ಟಿದೆ. ಮ್ಯಾಕ್ಸ್‌ಮೆಮೊರಿ ಪಾಲಿಸಿ ಮೂಲದಲ್ಲಿ ನೋಎವಿಕ್ಷನ್, ಅಂದರೆ ಹಳತನ್ನು ಬಿಸಾಡುವುದಿಲ್ಲ, ಹೊಸತನ್ನು ಒಳಗೆ ಬಿಡುವುದಿಲ್ಲ. ಬರೀ ಕ್ಯಾಶ್‌ಗೆ ಇಟ್ಟಿದ್ದರೆ ಆಲ್‌ಕೀಸ್ ಎಲ್‌ಆರ್‌ಯು ಮಾಡಿ, ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು ಅದು ಬಿಸಾಡುತ್ತದೆ. ಸೆಷನ್‌ಗಳೂ ಅಲ್ಲೇ ಇದ್ದರೆ ಹಾಗೆ ಮಾಡಬೇಡಿ, ಜನ ಕಾರಣವಿಲ್ಲದೆ ಲಾಗೌಟ್ ಆಗುತ್ತಾರೆ. ಸೆಷನ್‌ಗೆ ಬೇರೆ ರೆಡಿಸ್ ಓಡಿಸಿ. 64 ಬಿಟ್ ಮೆಷಿನ್‌ನಲ್ಲಿ ಮಿತಿಯನ್ನೇ ಹಾಕದಿದ್ದರೆ ಅದು ಬೆಳೆಯುತ್ತಾ ಹೋಗಿ ಕೊನೆಗೆ ಲಿನಕ್ಸೇ ಅದನ್ನು ಕೊಲ್ಲುತ್ತದೆ, ಡಿಎಂಇಎಸ್‌ಜಿ ಕಮಾಂಡ್ ಹಾಕಿದರೆ ಸಾವಿನ ದಾಖಲೆ ಸಿಗುತ್ತದೆ.

ಮಿಸ್‌ಕಾನ್ಫ್ ಅಂತಿದ್ದರೆ ಅದಕ್ಕೆ ಡಿಸ್ಕಿಗೆ ಉಳಿಸಲು ಆಗುತ್ತಿಲ್ಲ. ಹೆಚ್ಚಿನ ಸಲ ಡಿಸ್ಕ್ ತುಂಬಿರುತ್ತದೆ, ಲಾಗ್ ಫೈಲುಗಳು ನುಂಗಿರುತ್ತವೆ. ಉಳಿಸಲು ಆಗದಿದ್ದರೂ ಬರೆಯಲು ಬಿಡು ಅನ್ನುವ ಸೆಟ್ಟಿಂಗ್ ಒಂದನ್ನು ಇಂಟರ್ನೆಟ್‌ನಲ್ಲಿ ಎಲ್ಲರೂ ಹೇಳಿಕೊಡುತ್ತಾರೆ. ಎರರ್ ಹೋಗುತ್ತದೆ, ಡಿಸ್ಕ್ ಹಾಗೇ ತುಂಬಿರುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ

ಮಳೆಗಾಲದಲ್ಲಿ ನಮ್ಮ ಆಫೀಸಿನ ಟೆಸ್ಟ್ ಮೆಷಿನ್‌ಗೆ ಇದು ವಾರಕ್ಕೊಮ್ಮೆ. ಲೋಡಿಂಗ್ ಅನ್ನುವ ಎರರ್ ಬಂದರೆ ಏನೂ ಮಾಡಬೇಡಿ, ಡಿಸ್ಕಿನಿಂದ ಮೆಮೊರಿಗೆ ಓದಿಕೊಳ್ಳುತ್ತಿದೆ, ಕಾಯಿರಿ. ಕನೆಕ್ಷನ್ ರೆಫ್ಯೂಸ್ಡ್ ಅಂದರೆ ಸರ್ವೀಸ್ ಎದ್ದಿಲ್ಲ. ಯಾವ ಎರರೂ ಇಲ್ಲದೆ ಪೇಜು ಸುಮ್ನೆ ಸುತ್ತುತ್ತಿದ್ದರೆ ನಿಮ್ಮ ಕೋಡಿನಲ್ಲಿ ಕ್ಯಾಶ್‌ಗೆ ಟೈಮ್‌ಔಟ್ ಹಾಕಿಲ್ಲ. ಕ್ಯಾಶ್ ಸತ್ತರೆ ಪೇಜು ನಿಧಾನ ಆಗಬೇಕು, ಸಾಯಬಾರದು. ಟೆಸ್ಟ್ ಮೆಷಿನ್‌ನಲ್ಲಿ ರೆಡಿಸ್ ನಿಲ್ಲಿಸಿ ಒಮ್ಮೆ ಪರೀಕ್ಷೆ ಮಾಡಿ.

ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುತ್ತಿದೆ

ಇಲ್ಲಿ ಮಾತ್ರ ನಿಧಾನ ಬೇಡ. ಲಾಗಿನ್ ಆದವರಿಗೆ ಬೇರೆಯವರ ಹೆಸರು, ಬುಕಿಂಗ್ ಕಂಡಿತು ಅಂತ ಒಂದೇ ಒಂದು ಫೋನು ಬಂದರೂ ಮೊದಲು ಆ ಪೇಜಿನ ಕ್ಯಾಶಿಂಗ್ ಆಫ್ ಮಾಡಿ, ಆಗದಿದ್ದರೆ ಪೇಜನ್ನೇ ಮುಚ್ಚಿ. ಆಮೇಲೆ ಆ ಕೀಗಳ ಪ್ರತಿ ಇಟ್ಟುಕೊಂಡು ಅವನ್ನಷ್ಟೇ ಅಳಿಸಿ. ಕಾರಣ ಹೆಚ್ಚಾಗಿ ಒಂದೇ, ಕೀಯಲ್ಲಿ ಬಳಕೆದಾರರ ನಂಬರ್ ಸೇರಿರುವುದಿಲ್ಲ, ಅಥವಾ ಎಲ್ಲರಿಗೂ ಒಂದೇ ಅಂದುಕೊಂಡ ಪೇಜಿನ ಮೂಲೆಯಲ್ಲಿ "ನಮಸ್ಕಾರ, ಇಂಥವರೇ" ಅಂತ ಇರುತ್ತದೆ. ದೊಡ್ಡವರಿಗೂ ಆಗಿದೆ: 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕ್ಯಾಶ್ ಸೆಟ್ಟಿಂಗ್ ತಪ್ಪಿ ಜನರಿಗೆ ಬೇರೆಯವರ ಖಾತೆಯ ಪೇಜುಗಳು ಕಂಡವು.

ಇದು ನೀವೊಬ್ಬರೇ ಮುಚ್ಚಿಡುವ ವಿಷಯ ಅಲ್ಲ. ಸಂಸ್ಥೆಯ ಜವಾಬ್ದಾರಿ ಹೊತ್ತವರಿಗೆ ಕೂಡಲೇ ಹೇಳಿ, ಮಾಹಿತಿ ಸೋರಿಕೆಯನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್ 28ರ ನಿರ್ದೇಶನ ಇದೆ.

ನಾವು ಹಾಕದ ಕೀಗಳು ಕಾಣುತ್ತಿವೆ

ಕ್ರಾನ್ ಸಾಲಿನಂಥ (ಇಂತಿಷ್ಟು ಹೊತ್ತಿಗೆ ಈ ಕಮಾಂಡ್ ಓಡಿಸು ಅನ್ನುವಂಥ) ವ್ಯಾಲ್ಯೂ, ಗುರುತಿಲ್ಲದ ವಿಳಾಸದಿಂದ ಏನೋ ಇಳಿಸಿಕೊಳ್ಳುವ ಕಮಾಂಡ್, ಸಿಪಿಯು ನೂರಕ್ಕೆ ನೂರು. ಅಂದರೆ ರೆಡಿಸ್‌ನ ಬಾಗಿಲಾದ 6379 ಪೋರ್ಟ್ ಹೊರಗೆ ತೆರೆದಿದೆ, ಯಾರೋ ಒಳಗೆ ಬಂದಿದ್ದಾರೆ. ಲ್ಯಾಪ್‌ಟಾಪ್‌ನಿಂದ ನೋಡೋಕೆ ಸುಲಭ ಅಂತ ಫೈರ್‌ವಾಲ್‌ನಲ್ಲಿ ಒಂದು ದಿನಕ್ಕೆ ತೆರೆದು ಮರೆತದ್ದು ಸಾಕು. ಮೆಷಿನ್‌ಅನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಅದರಲ್ಲಿದ್ದ ಪಾಸ್‌ವರ್ಡ್‌ಗಳೆಲ್ಲ ಹೋದವು ಅಂತಲೇ ತಿಳಿದು ಬದಲಿಸಿ, ಸೆಕ್ಯೂರಿಟಿ ಗೊತ್ತಿರುವವರನ್ನು ಕರೆಯಿರಿ. ಆ ಮೆಷಿನ್‌ಅನ್ನು ಒರೆಸಿ ಮತ್ತೆ ಬಳಸುವ ಪ್ರಯತ್ನ ಬೇಡ, ಹೊಸದು ಕಟ್ಟಿ.

ಬೇರೆ ಲಕ್ಷಣಗಳಲ್ಲೂ ಒಂದು ಗಂಟೆ ನೋಡಿ ದಾರಿ ಕಾಣದಿದ್ದರೆ, ಅಥವಾ ಹಣ ಪಾವತಿಯ ಪೇಜು ಅದರಲ್ಲಿ ಸೇರಿದ್ದರೆ, ಅನುಭವ ಇರುವವರಿಗೆ ಫೋನ್ ಮಾಡಿ. ಮಾಡುವಾಗ ಕೈಯಲ್ಲಿ ಇರಬೇಕಾದ್ದು: ಇನ್ಫೋ ಫೈಲ್, ಆ ಕೀಯ ಟಿಟಿಎಲ್ ಮತ್ತು ಅದನ್ನು ನೋಡಿದ ಗಂಟೆ, ಸ್ಲೋಲಾಗ್, ಹಿಂದಿನ ಒಂದು ವಾರದಲ್ಲಿ ಸರ್ವರ್ ಅಥವಾ ಕೋಡಿನಲ್ಲಿ ಏನು ಬದಲಿಸಿದ್ದೀರಿ ಅನ್ನುವುದು. ಫ್ಲಶ್ ಹೊಡೆದಾಗಿದ್ದರೆ ಅದನ್ನು ಮೊದಲನೇ ಮಾತಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಅವರೂ ಅರ್ಧ ದಿನ ಖಾಲಿ ಡಬ್ಬ ತಡಕಾಡುತ್ತಾರೆ.